ಖಾಲಿ ಕೋಣೆಯ ಚಿತ್ರ ಏಕೆ ಅಳುಕು ಹುಟ್ಟಿಸುತ್ತದೆ?

ಪ್ರಶ್ನೆ: ಕಟ್ಟಡಗಳ ನಕ್ಷೆ ಬರೆಯುವ ಕೆಲಸದಲ್ಲಿ ಮೂವತ್ತೊಂದು ವರ್ಷ ಇದ್ದು, ನಿವೃತ್ತನಾದ ಮೇಲೆ ತೈಲವರ್ಣದಲ್ಲಿ ಚಿತ್ರ ಬರೆಯಲು ಆರಂಭಿಸಿದ್ದೇನೆ. ಎರಡು ವರ್ಷಗಳಲ್ಲಿ ಬರೆದ ಹನ್ನೊಂದು ಚಿತ್ರಗಳಲ್ಲೂ ಇರುವುದು ಒಂದೇ ಕೋಣೆ. ಹಿಂಗೋಡೆಯಲ್ಲಿ ಒಂದು ಬಾಗಿಲು, ಬಲಗೋಡೆಯಲ್ಲಿ ಇನ್ನೊಂದು, ಎಡಗಡೆ ನೆಲದವರೆಗೆ ಇಳಿಬಿದ್ದ ಕಡುಗೆಂಪು ಪರದೆ, ಗೋಡೆಗೆ ಮುಖ ಮಾಡಿದ ಕುರ್ಚಿ, ಮೇಜಿನ ಮೇಲೆ ಉರಿಯುವ ದೀಪ. ಮನುಷ್ಯರಿಲ್ಲ. ಅಳತೆಯಲ್ಲಿ ತಪ್ಪಿಲ್ಲ ಎಂಬುದು ನನ್ನ ನಂಬಿಕೆ. ಆದರೂ ನೋಡಿದವರಿಗೆಲ್ಲ ಕಸಿವಿಸಿಯಾಗುತ್ತದೆ. "ಯಾರೋ ಈಗ ತಾನೇ ಎದ್ದು ಹೋದಂತಿದೆ" ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಿಮಗೆ ಖಿನ್ನತೆ ಇರಬಹುದು, ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಸ್ನೇಹಿತರೊಬ್ಬರು ಹೇಳಿದರು. ಮೊಮ್ಮಗಳು ಬರುವಾಗ ಚಿತ್ರಗಳನ್ನು ತೆಗೆದಿಡಿ ಎಂದು ಸೊಸೆ ಕೇಳಿಕೊಂಡಿದ್ದಾಳೆ. ಒಬ್ಬ ಮನುಷ್ಯನನ್ನು ಬರೆದು ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಇನ್ನೊಬ್ಬರ ಸಲಹೆ. ನಿಜ ಹೇಳಬೇಕೆಂದರೆ ರಾತ್ರಿ ಆ ಪಡಸಾಲೆಯಲ್ಲಿ ಹಾದುಹೋಗುವಾಗ ನಾನೂ ಆ ಕಡೆ ನೋಡುವುದಿಲ್ಲ. ಇದು ನನ್ನ ಮನಸ್ಸಿನ ದೋಷವೋ, ಚಿತ್ರದ ದೋಷವೋ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಇಂಥ ಚಿತ್ರ ಬರೆದವನ ಮನಸ್ಸು ಅಸ್ವಸ್ಥವಾಗಿರಬೇಕು ಎಂಬುದು ಒಂದು, ಅದು ನೋಡುವವರ ಮನಸ್ಸನ್ನೂ ಕೆಡಿಸುತ್ತದೆ ಎಂಬುದು ಇನ್ನೊಂದು, ಚಿತ್ರದಲ್ಲಿ ಏನೋ ಕಾಣೆಯಾಗಿದೆ, ಅದನ್ನು ಸೇರಿಸಿದರೆ ಕಸಿವಿಸಿ ಮಾಯವಾಗುತ್ತದೆ ಎಂಬುದು ಮೂರನೆಯದು. ನಾನು ವೈದ್ಯನಲ್ಲ. ಇಪ್ಪತ್ತಾರು ವರ್ಷ ಚಿತ್ರರಚನೆಯನ್ನು ಕಲಿಸಿದ್ದೇನೆ, ಅದಕ್ಕೂ ಮೊದಲು ಒಂಬತ್ತು ವರ್ಷ ನಾಟಕಗಳಿಗೆ ರಂಗಸಜ್ಜಿಕೆ ಮಾಡಿ ಪರದೆ ಬರೆದಿದ್ದೇನೆ. ಹಾಗಾಗಿ ನಾನು ಹೇಳಬಲ್ಲದ್ದು ಚಿತ್ರದ ಒಳಗೆ ಏನಾಗುತ್ತಿದೆ ಎಂಬುದನ್ನು ಮಾತ್ರ. ನಿಮ್ಮ ವಿಷಯದಲ್ಲಿ ಬಹುಪಾಲು ಉತ್ತರ ಅಲ್ಲಿಯೇ ಇದೆ ಎಂಬುದು, ನೀವು ಕಳುಹಿಸಿದ ನಾಲ್ಕು ಫೋಟೋಗಳನ್ನು ಎರಡು ದಿನ ಮೇಜಿನ ಮೇಲಿಟ್ಟುಕೊಂಡು ನೋಡಿದ ಮೇಲೆ ನನಗೆ ಬಂದಿರುವ ತೀರ್ಮಾನ.

ಮೊದಲು ಖಿನ್ನತೆಯ ಮಾತು. ಚಿತ್ರವನ್ನು ನೋಡಿ ಬರೆದವರ ಮನಸ್ಸನ್ನು ಓದಿಬಿಡಬಹುದು ಎಂಬ ನಂಬಿಕೆಗೆ ವಿದ್ವತ್ತಿನ ಬೆಂಬಲವೂ ಒಂದು ಕಾಲದಲ್ಲಿ ಇತ್ತು. ಮನೆ, ಮರ, ಮನುಷ್ಯ ಈ ಮೂರನ್ನು ಬರೆಯಿಸಿ ವ್ಯಕ್ತಿತ್ವವನ್ನು ಅಳೆಯುವ ಪರೀಕ್ಷೆಯೊಂದನ್ನು ಅಮೆರಿಕದ ಮನೋವಿಜ್ಞಾನಿ ಜಾನ್ ಬಕ್ 1948ರಲ್ಲಿ ಪ್ರಕಟಿಸಿದರು. ಬಾಗಿಲು ಚಿಕ್ಕದಾದರೆ ಹೀಗೆ, ಕಿಟಕಿ ಇಲ್ಲದಿದ್ದರೆ ಹಾಗೆ ಎಂದು ಅರ್ಥ ಹೇಳುವ ಕ್ರಮ ಅದರಿಂದ ಬಹಳ ಹರಡಿತು. ಇಂಥ ಪರೀಕ್ಷೆಗಳ ವಿಶ್ವಾಸಾರ್ಹತೆಯ ಬಗ್ಗೆ ಮನೋವಿಜ್ಞಾನಿಗಳೇ ದಶಕಗಳಿಂದ ತಕರಾರು ಎತ್ತುತ್ತ ಬಂದಿದ್ದಾರೆ, ಏಕೆಂದರೆ ಒಂದೇ ಚಿತ್ರವನ್ನು ನೋಡಿದ ಇಬ್ಬರು ಪರೀಕ್ಷಕರು ಎರಡು ದಿಕ್ಕಿಗೆ ಹೋಗುವುದು ಅಪರೂಪವಲ್ಲ. ಹೀಗಿರುವಾಗ ಗೋಡೆಗೆ ಮುಖ ಮಾಡಿದ ಕುರ್ಚಿಯೊಂದನ್ನು ನೋಡಿ ನಿಮ್ಮ ಸ್ನೇಹಿತರು ರೋಗ ಹೇಳುವುದು ಕಾಳಜಿಯ ಮಾತಾಗಬಹುದೇ ಹೊರತು ನಿದಾನವಾಗುವುದಿಲ್ಲ.

ಈ ಮಾತು ಬಂದಾಗಲೆಲ್ಲ ಡಚ್ ಚಿತ್ರಕಾರ ವಾನ್ ಗೋ ಹೆಸರು ಬಂದೇ ಬರುತ್ತದೆ. ಸೊಟ್ಟ ಕೋಣೆ ಬರೆದ, ಬುದ್ಧಿ ಕೆಟ್ಟಿತ್ತು, ಅಷ್ಟೇ ಎಂದು ಲೆಕ್ಕ ಮುಗಿಸಿಬಿಡುತ್ತಾರೆ. ಆದರೆ ಆತ ಫ್ರಾನ್ಸಿನ ಆರ್ಲ್ ಊರಿನಲ್ಲಿ 1888ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ಎರಡು ಕೋಣೆಗಳನ್ನು ಬರೆದ. ಒಂದು ರಾತ್ರಿಯಿಡೀ ತೆರೆದಿರುತ್ತಿದ್ದ ಕೆಫೆಯದು, ಇನ್ನೊಂದು ತನ್ನದೇ ಮಲಗುವ ಕೋಣೆಯದು. ಎರಡರಲ್ಲೂ ನೆಲ ನಮ್ಮ ಕಡೆ ಜಾರಿಬರುವಂತಿದೆ. ಕೆಫೆಯ ಚಿತ್ರದಲ್ಲಿ ಮನುಷ್ಯನ ಭಯಂಕರ ಭಾವಗಳನ್ನು ಕೆಂಪು ಹಸಿರುಗಳ ಮೂಲಕ ತೋರಿಸಲು ಯತ್ನಿಸಿದ್ದೇನೆ ಎಂದು ಆತನೇ ತಮ್ಮನಿಗೆ ಪತ್ರ ಬರೆದ. ಮಲಗುವ ಕೋಣೆಯಿಂದ ಬಯಸಿದ್ದು ವಿಶ್ರಾಂತಿಯನ್ನು. ಅದಕ್ಕಾಗಿ ಜಪಾನಿ ಮುದ್ರಣಚಿತ್ರಗಳ ಹಾಗೆ ನೆರಳುಗಳನ್ನೇ ಬಿಟ್ಟುಬಿಟ್ಟ. ಆ ಕೋಣೆಯ ಹಿಂಗೋಡೆ ವಾಸ್ತವದಲ್ಲಿಯೇ ಓರೆಯಾಗಿತ್ತು, ಕಟ್ಟಡವೇ ಹಾಗಿತ್ತು. ಈಗ ನೀಲಿಯಾಗಿ ಕಾಣುವ ಗೋಡೆ ಬರೆದಾಗ ತಿಳಿನೇರಳೆಯಾಗಿತ್ತು, ಕೆಂಪು ವರ್ಣದ್ರವ್ಯ ಮಾಸಿ ನೀಲಿ ಮಾತ್ರ ಉಳಿದಿದೆ. ಅಂದರೆ ನಾವು ಮನಸ್ಸಿನ ಓರೆ ಎಂದು ಓದುವುದರಲ್ಲಿ ಒಂದು ಪಾಲು ಗಾರೆಯವನ ಕೆಲಸ, ಇನ್ನೊಂದು ಪಾಲು ಬಣ್ಣದ ರಸಾಯನ. ಆತನ ಕಾಯಿಲೆ ಸುಳ್ಳಲ್ಲ. ಆದರೆ ಒಂದು ಕೋಣೆಯನ್ನು ಭಯಾನಕವಾಗಿಯೂ ಇನ್ನೊಂದನ್ನು ಶಾಂತವಾಗಿಯೂ ಬರೆಯಲು ಒಂದೇ ಕೈ, ಒಂದೇ ಋತುವಿನಲ್ಲಿ, ತಿಳಿದೇ ನಿರ್ಧರಿಸಿತ್ತು ಎಂಬುದು ನಮಗೆ ಇಲ್ಲಿ ಮುಖ್ಯ. ಇನ್ನು ಮಾಗ್ರೀಟ್. ಬ್ರಸೆಲ್ಸ್‌ನ ಸಾಧಾರಣ ಮನೆಯಲ್ಲಿ, ಕೋಟು ತೊಟ್ಟು, ಸಂಬಳದ ನೌಕರನಂತೆ ಕಾಣುತ್ತ ಚಿತ್ರ ಬರೆದ ಮನುಷ್ಯ. 1952ರಲ್ಲಿ ಹಾಸಿಗೆಯ ಮೇಲೆ ಆಳೆತ್ತರದ ಬಾಚಣಿಗೆ, ಬೀರುವಿನ ಮೇಲೆ ಗಡ್ಡಕ್ಕೆ ಸೋಪು ಹಚ್ಚುವ ದೈತ್ಯ ಬ್ರಷ್, ಗೋಡೆಗಳ ಜಾಗದಲ್ಲಿ ಮೋಡ ತೇಲುವ ಆಕಾಶ ಇರುವ ಒಂದು ಕೋಣೆಯನ್ನು ಬರೆದಾಗ, ಅದನ್ನು ಮಾರಬೇಕಾದ ವ್ಯಾಪಾರಿಯೇ ಇದನ್ನು ನೋಡಿದರೆ ನನಗೆ ಹೊಟ್ಟೆ ತೊಳಸುತ್ತದೆ ಎಂದು ಪತ್ರ ಬರೆದ. ಬರೆದವನಿಗೆ ಏನೂ ಆಗಿರಲಿಲ್ಲ. ನೋಡಿದವನ ತಲೆ ತಿರುಗಿತು, ಅಷ್ಟೇ.

ಈಗ ನಿಮ್ಮ ಕೋಣೆಗೆ ಬರೋಣ. ನನ್ನನ್ನು ತಡೆದು ನಿಲ್ಲಿಸಿದ್ದು ಪರದೆಯೂ ಅಲ್ಲ, ಕುರ್ಚಿಯೂ ಅಲ್ಲ. ನಾನು ಎಲ್ಲಿ ನಿಂತು ಆ ಕೋಣೆಯನ್ನು ನೋಡುತ್ತಿದ್ದೇನೆ ಎಂದು ಕೇಳಿಕೊಂಡೆ. ಉತ್ತರ ಸಿಗಲಿಲ್ಲ. ನಿಮ್ಮ ಹನ್ನೊಂದು ಚಿತ್ರಗಳ ಗುಟ್ಟು ಇದೇ ಎಂದು ನನಗನ್ನಿಸುತ್ತದೆ, ಮತ್ತು ಇದು ನಿಮ್ಮ ಮೂವತ್ತೊಂದು ವರ್ಷದ ವೃತ್ತಿಯಿಂದ ನೇರವಾಗಿ ಬಂದಿದೆ. ಕಟ್ಟಡದ ಸೆಕ್ಷನ್ ಬರೆಯುವಾಗ ನೀವು ಏನು ಮಾಡುತ್ತಿದ್ದಿರಿ? ಒಂದು ಗೋಡೆಯನ್ನು ಕತ್ತರಿಸಿ ಪಕ್ಕಕ್ಕಿಟ್ಟು, ಯಾರೂ ಎಂದೂ ನಿಲ್ಲಲಾಗದ ಜಾಗದಿಂದ ಇಡೀ ಕೋಣೆಯನ್ನು ಒಮ್ಮೆಗೇ ನೋಡುತ್ತಿದ್ದಿರಿ. ರಂಗಭೂಮಿಯವರು ನಾಲ್ಕನೆಯ ಗೋಡೆ ಎನ್ನುವುದೂ ಇದನ್ನೇ. ನಾಟಕದಲ್ಲಿ ಅದರಿಂದ ತೊಂದರೆಯಿಲ್ಲ, ಏಕೆಂದರೆ ನಾವು ಟಿಕೆಟ್ ಕೊಂಡು ಕುರ್ಚಿಯಲ್ಲಿ ಕುಳಿತವರು, ನಮ್ಮ ಪಾತ್ರ ಏನೆಂಬುದು ನಮಗೆ ಗೊತ್ತು. ನಕ್ಷೆಯಲ್ಲಿಯೂ ತೊಂದರೆಯಿಲ್ಲ, ಅಲ್ಲಿ ನೋಡುವವನು ಗುತ್ತಿಗೆದಾರ. ಅದೇ ಸೆಕ್ಷನ್‌ಗೆ ಬೆಳಕು, ಬಟ್ಟೆಯ ಮಡಿಕೆ, ಮರದ ಹೊಳಪು ಎಲ್ಲವನ್ನೂ ಕೊಟ್ಟು ಇದು ಮನೆ ಎಂದು ತೋರಿಸಿದಾಗ ನೋಡುವವನಿಗೆ ಜಾಗವೇ ಇರುವುದಿಲ್ಲ. ಅತಿಥಿಯಲ್ಲ, ಮನೆಯವನಲ್ಲ, ಕಳ್ಳನೂ ಅಲ್ಲ, ಆದರೂ ಒಳಗಿದ್ದಾನೆ. ಅಳುಕು ಹುಟ್ಟುವುದು ಅಲ್ಲಿ. ಮನೋವಿಶ್ಲೇಷಕ ಫ್ರಾಯ್ಡ್ 1919ರಲ್ಲಿ ಈ ಭಾವದ ಬಗ್ಗೆಯೇ ಒಂದು ಪ್ರಬಂಧ ಬರೆದಾಗ ಹಿಡಿದದ್ದು ಜರ್ಮನ್ ಭಾಷೆಯ 'ಉನ್‌ಹೈಮ್ಲಿಶ್' ಎಂಬ ಪದವನ್ನು. ಅದರ ನಡುವೆ ಇರುವ 'ಹೈಮ್' ಎಂದರೆ ಮನೆ. ಕಾಡಿನ ಭಯ ಬೇರೆ, ಮನೆಯೇ ಮನೆಯಲ್ಲವೆನ್ನಿಸುವ ಅಳುಕು ಬೇರೆ.

ನೆಲದ ವಿಷಯದಲ್ಲಿ ನೀವು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದೀರಿ. ಮೂರನೆಯ ಫೋಟೋದ ಮೇಲೆ ನಾನು ಅಳತೆಪಟ್ಟಿ ಇಟ್ಟು ನೆಲದ ಹಲಗೆಗಳ ಗೆರೆಗಳನ್ನು ಹಿಂದಕ್ಕೆ ಎಳೆದೆ. ಅವು ಸೇರುವ ಬಿಂದು ಹಿಂಗೋಡೆಯ ಬಾಗಿಲಿನ ಮೇಲ್ಪಟ್ಟಿಗಿಂತಲೂ ಮೇಲಿದೆ. ಆ ಬಿಂದು ಯಾವಾಗಲೂ ನೋಡುವವನ ಕಣ್ಣಿನ ಎತ್ತರದಲ್ಲಿಯೇ ಇರುತ್ತದೆ. ಬಾಗಿಲು ಏಳು ಅಡಿ ಎಂದಿಟ್ಟುಕೊಂಡರೂ ನೋಡುವವನ ಕಣ್ಣು ಏಳು ಅಡಿಗಿಂತ ಎತ್ತರದಲ್ಲಿದೆ ಎಂದಾಯಿತು. ನಿಮ್ಮ ಅಳತೆಯಲ್ಲಿ ತಪ್ಪಿಲ್ಲ ಎಂಬ ಮಾತು ನಿಜ, ಆದರೆ ಆ ಅಳತೆ ನಿಂತ ಮನುಷ್ಯನದಲ್ಲ. ಕಣ್ಣಿನ ಮಟ್ಟ ಹೀಗೆ ಏರಿದಾಗ ನೆಲ ಎದ್ದು ನಿಲ್ಲುತ್ತದೆ, ಹಿಂದಕ್ಕೆ ಹೋದಂತೆ ಏರುವ ಹಳೆಯ ಯುರೋಪಿನ ರಂಗವೇದಿಕೆಯಂತೆ ಕಾಣುತ್ತದೆ. ಇಟಲಿಯ ವಿಚೆಂತ್ಸಾದಲ್ಲಿ 1585ರಲ್ಲಿ ಆರಂಭವಾದ ತೆಯಾತ್ರೊ ಒಲಿಂಪಿಕೊದಲ್ಲಿ ಸ್ಕಾಮೊತ್ಸಿ ಎಂಬ ವಾಸ್ತುಶಿಲ್ಪಿ ಮರ ಮತ್ತು ಗಾರೆಯಲ್ಲಿ ಕಟ್ಟಿದ ಬೀದಿಗಳು ಇಂದಿಗೂ ಇವೆ. ನೆಲ ಏರುತ್ತದೆ, ಮನೆಗಳು ಕಿರಿದಾಗುತ್ತವೆ, ಕೆಲವೇ ಮೀಟರ್ ಆಳದಲ್ಲಿ ಉದ್ದನೆಯ ಬೀದಿಯ ಭ್ರಮೆ ಹುಟ್ಟುತ್ತದೆ. ನಟನೊಬ್ಬ ಅದರೊಳಗೆ ಹೆಚ್ಚು ದೂರ ನಡೆದರೆ ಮನೆಗಳಿಗಿಂತ ಎತ್ತರವಾಗಿಬಿಡುತ್ತಾನೆ. ಇಟಲಿಯ ಚಿತ್ರಕಾರ ಡಿ ಕಿರಿಕೊ 1916ರಿಂದ ಈಚೆಗೆ ಫೆರಾರಾದಲ್ಲಿ ಬರೆದ ಚಿತ್ರಗಳಲ್ಲಿ ಹಲಗೆ ಹಾಸಿದ ಇಂಥದೇ ನೆಲ ಬರುತ್ತದೆ, ಆತ ಅದರ ಜೊತೆಗೆ ಒಂದೇ ಚಿತ್ರದಲ್ಲಿ ಎರಡು ಮೂರು ಬೇರೆ ಬೇರೆ ಬಿಂದುಗಳಿಗೆ ಗೆರೆಗಳನ್ನು ಓಡಿಸಿ ನೋಡುವವನ ಕಾಲಕೆಳಗಿನ ನೆಲವನ್ನೇ ಎಳೆದುಬಿಡುತ್ತಾನೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಅನುಭವ ಹೇಳುತ್ತೇನೆ. ಏರುನೆಲದ ವೇದಿಕೆಯ ಮೇಲೆ ಕುರ್ಚಿ ಇಟ್ಟರೆ ಅದು ಪ್ರೇಕ್ಷಕರ ಕಡೆ ವಾಲುತ್ತದೆ. ಹಾಗಾಗಿ ಹಿಂಗಾಲುಗಳನ್ನು ಒಂದೆರಡು ಬೆರಳಿನಷ್ಟು ಕೊಯ್ದು ಮಟ್ಟ ಮಾಡುತ್ತೇವೆ. ಅಂಥ ಒಂದು ಕುರ್ಚಿ ನಾಟಕ ಮುಗಿದ ಮೇಲೆ ನಮ್ಮ ಕೆಲಸದ ಕೊಠಡಿಯ ಸಮನೆಲಕ್ಕೆ ಬಂತು. ಹಿಂದಕ್ಕೆ ಒರಗಿದ್ದು ಎಷ್ಟು ಸ್ವಲ್ಪವೆಂದರೆ ಕಣ್ಣಿಗೆ ಹೇಳಲು ಬರುತ್ತಿರಲಿಲ್ಲ. ಆದರೂ ತಿಂಗಳುಗಟ್ಟಲೆ ಅದರ ಮೇಲೆ ಯಾರೂ ಕೂರಲಿಲ್ಲ, ಚೀಲ ಇಡುತ್ತಿದ್ದರು, ಕೋಟು ನೇತುಹಾಕುತ್ತಿದ್ದರು. ಏಕೆ ಕೂರುವುದಿಲ್ಲ ಎಂದು ಕೇಳಿದರೆ ಯಾರಲ್ಲಿಯೂ ಕಾರಣವಿರಲಿಲ್ಲ. ಕಣ್ಣು ಕಂಡುಹಿಡಿದದ್ದನ್ನು ಬುದ್ಧಿಗೆ ತಿಳಿಸದೆಯೇ ಮೈ ದೂರ ಸರಿಯುತ್ತದೆ. ನಿಮ್ಮ ಪಡಸಾಲೆಯಲ್ಲಿ ರಾತ್ರಿ ನಡೆಯುತ್ತಿರುವುದೂ ಬಹುಶಃ ಇಷ್ಟೇ.

ಬೆಳಕಿನಲ್ಲಿ ಮಾತ್ರ ನಿಜವಾದ ತಪ್ಪೊಂದಿದೆ, ಮತ್ತು ಅದು ನಿಮಗೆ ಗೊತ್ತಿಲ್ಲವೆಂದು ತೋರುತ್ತದೆ. ಮೇಜಿನ ಮೇಲಿನ ದೀಪ ಉರಿಯುತ್ತಿದೆ, ಅದರ ಗಾಜಿನ ಸುತ್ತ ಹಳದಿ ಪ್ರಭೆಯನ್ನೂ ಚೆನ್ನಾಗಿ ಬರೆದಿದ್ದೀರಿ. ಆದರೆ ಕುರ್ಚಿಯ ನೆರಳು ದೀಪದಿಂದ ದೂರಕ್ಕೆ ಬೀಳುವ ಬದಲು ದೀಪದ ಕಡೆಗೇ ಬಿದ್ದಿದೆ. ಅಂದರೆ ಕೋಣೆಯನ್ನು ನಿಜವಾಗಿ ಬೆಳಗುತ್ತಿರುವುದು ಆ ದೀಪವಲ್ಲ, ಚೌಕಟ್ಟಿನ ಹೊರಗೆ, ಬಲಮೇಲೆ, ಇನ್ನೇನೋ ಇದೆ. ರಂಗದಲ್ಲಿ ನಾವು ಹೀಗೆಯೇ ಮಾಡುತ್ತೇವೆ. ಕೈಯಲ್ಲಿ ಹಣತೆ ಕೊಟ್ಟು ಮೇಲಿನಿಂದ ಲೈಟ್ ಬಿಡುತ್ತೇವೆ, ಪ್ರೇಕ್ಷಕರು ಒಪ್ಪಿಕೊಳ್ಳುತ್ತಾರೆ. ಚಿತ್ರದಲ್ಲಿ ಒಪ್ಪುವುದಿಲ್ಲ. ವಾನ್ ಗೋನ ಕೆಫೆಯಲ್ಲಿ ಬಿಲಿಯರ್ಡ್ಸ್ ಮೇಜಿನ ಕೆಳಗೆ ಕಪ್ಪು ನೆರಳು ಮಡುಗಟ್ಟಿರುವುದನ್ನೂ ಆತನ ಮಲಗುವ ಕೋಣೆಯಲ್ಲಿ ಮಂಚದ ಕೆಳಗೆ ನೆರಳೇ ಇಲ್ಲದಿರುವುದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ನೆರಳಿನ ಒಂದು ನಿರ್ಧಾರ ಎಷ್ಟು ದೂರ ಹೋಗುತ್ತದೆ ಎಂದು ತಿಳಿಯುತ್ತದೆ. ನಿಮ್ಮ ನೆರಳನ್ನು ತಿದ್ದಬೇಕೆಂದು ನಾನು ಹೇಳುತ್ತಿಲ್ಲ. ಇಂದಿನಿಂದ ಅದು ತಿಳಿದು ಮಾಡಿದ್ದಾಗಿರಲಿ, ಇಲ್ಲದಿದ್ದರೆ ಬೇಡ.

ಮನುಷ್ಯನನ್ನು ಕೂರಿಸುವ ಸಲಹೆಗೆ ನನ್ನ ಸಮ್ಮತಿ ಇಲ್ಲ. ಫ್ರೆಂಚ್ ಚಿತ್ರಕಾರ ಡೆಗಾ 1868-69ರ ಸುಮಾರಿಗೆ ಬರೆದ, ಈಗ ಫಿಲಡೆಲ್ಫಿಯಾದ ಮ್ಯೂಸಿಯಂನಲ್ಲಿರುವ 'ಒಳಾಂಗಣ' ಎಂಬ ಚಿತ್ರವನ್ನು ನೋಡಿ. ಬಲಗಡೆ ಬಾಗಿಲಿಗೆ ಒರಗಿ ನಿಂತ ಗಂಡಸು, ಎಡಗಡೆ ಅವನಿಗೆ ಬೆನ್ನು ಮಾಡಿ ಕುಗ್ಗಿ ಕುಳಿತ, ರವಿಕೆ ಜಾರಿದ ಹೆಣ್ಣು. ಇಬ್ಬರ ನಡುವೆ ದುಂಡುಮೇಜು, ಅದರ ಮೇಲೆ ದೀಪದ ಬೆಳಕಿಗೆ ತೆರೆದುಕೊಂಡ ಹೊಲಿಗೆಯ ಪೆಟ್ಟಿಗೆ, ಅದರೊಳಗಿನ ಗುಲಾಬಿ ಅಸ್ತರಿ. ಆ ಸಣ್ಣ ಪೆಟ್ಟಿಗೆ ಇಡೀ ಕೋಣೆಯಲ್ಲಿ ಅತ್ಯಂತ ಪ್ರಕಾಶಮಾನವಾದ ವಸ್ತು, ಮತ್ತು ನೋಡಬಾರದ್ದನ್ನು ನೋಡಿದೆ ಎಂಬ ನಾಚಿಕೆ ಅದರಿಂದಲೇ ಬರುತ್ತದೆ. ಇಬ್ಬರು ಮನುಷ್ಯರಿದ್ದೂ ಅಳುಕು ಹೆಚ್ಚಿದೆ, ಕಡಿಮೆಯಾಗಿಲ್ಲ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಮನುಷ್ಯ ಬಂದ ಕೂಡಲೇ ಕಥೆ ಬರುತ್ತದೆ. ಅವನ್ಯಾರು, ಏಕೆ ಕುಳಿತ ಎಂದು ಕೇಳುತ್ತಾರೆ, ಕೋಣೆ ಹಿನ್ನೆಲೆಯಾಗುತ್ತದೆ. ನಿಮಗೆ ಮನುಷ್ಯಾಕೃತಿ ಬರೆಯುವ ಅಭ್ಯಾಸವೂ ಇಲ್ಲವೆಂದು ಪತ್ರದಿಂದ ತಿಳಿಯುತ್ತದೆ, ಗಟ್ಟಿಯಾದ ಕೋಣೆಯಲ್ಲಿ ಬಡಕಲಾದ ಆಕೃತಿ ಬೇರೆಯದೇ ಆದ ಕಸಿವಿಸಿ ತರುತ್ತದೆ. ಆದರೂ ಬರೆಯಲೇಬೇಕು ಅನ್ನಿಸಿದರೆ ಡೆನ್ಮಾರ್ಕಿನ ಹಾಮರ್ಸ್‌ಹೋಯ್ ಹಿಡಿದ ದಾರಿ ಇದೆ. ಕೋಪನ್‌ಹೇಗನ್‌ನ ಸ್ಟ್ರಾಂಡ್‌ಗಾಡೆ ಬೀದಿಯ 30ನೇ ಸಂಖ್ಯೆಯ ಮನೆಯಲ್ಲಿ 1898ರಿಂದ 1909ರವರೆಗೆ ವಾಸವಿದ್ದು, ಅದೇ ಕೋಣೆಗಳನ್ನು ಅರವತ್ತಕ್ಕೂ ಹೆಚ್ಚು ಬಾರಿ ಬರೆದ ಆತ ಹೆಂಡತಿ ಈಡಾಳನ್ನು ಬಹುಪಾಲು ಬೆನ್ನಿನ ಕಡೆಯಿಂದಲೇ ನಿಲ್ಲಿಸಿದ. ಒಂದೇ ಕೋಣೆಯನ್ನು ಹನ್ನೊಂದು ಬಾರಿ ಬರೆದೆ ಎಂದು ನೀವು ಸಂಕೋಚಪಡಬೇಕಾಗಿಲ್ಲ ಎಂಬುದಕ್ಕೂ ಆತನೇ ಸಾಕ್ಷಿ.

ಉಳಿದ ದಾರಿಗಳಲ್ಲಿ ಮೊದಲನೆಯದು ಕಣ್ಣಿನ ಮಟ್ಟವನ್ನು ಇಳಿಸುವುದು. ಮುಂದಿನ ಕ್ಯಾನ್ವಾಸಿನಲ್ಲಿ ಅದೇ ಕೋಣೆಯನ್ನು ಕುಳಿತ ಮನುಷ್ಯನ ಕಣ್ಣಿನಿಂದ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರಕ್ಕೆ ಗೆರೆ ಎಳೆದು ಬರೆಯಿರಿ. ನೆಲ ಮಲಗುತ್ತದೆ, ಮೇಜು ಎದುರಿಗೆ ಬರುತ್ತದೆ, ನೋಡುವವನಿಗೆ ಒಂದು ಆಸನ ಸಿಗುತ್ತದೆ. ಅಳುಕಿನ ಬಹುಭಾಗ ಇಷ್ಟರಿಂದಲೇ ಕರಗಬಹುದು. ಅಪಾಯವೂ ಅಲ್ಲಿಯೇ ಇದೆ: ಅಳುಕು ಹೋದ ಮೇಲೆ ಉಳಿಯುವುದು ಅಚ್ಚುಕಟ್ಟಾದ, ಯಾರಿಗೂ ಬೇಡವಾದ ಒಂದು ಕೋಣೆ ಆಗಿರಬಹುದು. ನನ್ನ ವಿದ್ಯಾರ್ಥಿಗಳಲ್ಲಿ ಹೀಗಾದದ್ದನ್ನು ಹಲವು ಬಾರಿ ಕಂಡಿದ್ದೇನೆ. ಕಿಟಕಿ ತೆರೆಯುವುದು ಎರಡನೆಯ ದಾರಿ, ಆದರೆ ಕಿಟಕಿಯಾಗಲಿ ಬಾಗಿಲಾಗಲಿ ಹೊರಗೆ ತೆರೆದ ಮಾತ್ರಕ್ಕೆ ಉಸಿರಾಡಲು ಬಿಡುತ್ತದೆ ಎಂದು ತಿಳಿಯಬೇಡಿ. ಅಮೆರಿಕದ ಚಿತ್ರಕಾರ ಹಾಪರ್ 1951ರಲ್ಲಿ ಬರೆದ ಸಮುದ್ರದ ಬದಿಯ ಕೋಣೆಯಲ್ಲಿ ಬಾಗಿಲು ಪೂರ್ತಿ ತೆರೆದಿದೆ, ಬಿಸಿಲು ಗೋಡೆಯ ಮೇಲೆ ಓರೆಯಾಗಿ ಹರಡಿದೆ, ಆಚೆಗೆ ನೀಲಿ ನೀರು. ಮೆಟ್ಟಿಲಿಲ್ಲ, ಅಂಗಳವಿಲ್ಲ, ಹೊಸ್ತಿಲಾಚೆ ನೇರ ಸಮುದ್ರವೇ. ಹಾಪರ್ ಮನೆಯಲ್ಲಿ ಚಿತ್ರಗಳ ಲೆಕ್ಕ ಬರೆದಿಡುತ್ತಿದ್ದ ಪುಸ್ತಕದಲ್ಲಿ ಆ ಚಿತ್ರಕ್ಕೆ 'ಧುಮುಕುವ ಜಾಗ' ಎಂಬ ಇನ್ನೊಂದು ಹೆಸರೂ ದಾಖಲಾಗಿದೆ.

ಮೂರನೆಯದು, ನನಗೆ ಹೆಚ್ಚು ಆಸಕ್ತಿ ಹುಟ್ಟಿಸುವುದು, ಏನನ್ನೂ ಸೇರಿಸದೆ ಬರೆಯುವುದನ್ನೇ ಕೆಲವೆಡೆ ನಿಲ್ಲಿಸುವುದು. ಬರ್ಲಿನ್‌ನಲ್ಲಿರುವ, ಜರ್ಮನ್ ಚಿತ್ರಕಾರ ಮೆಂಟ್ಸೆಲ್ 1845ರಲ್ಲಿ ಬರೆದ ಕೋಣೆಯ ಚಿತ್ರದಲ್ಲಿ ಬಾಲ್ಕನಿಯ ಬಾಗಿಲಿನಿಂದ ಗಾಳಿ ಬಂದು ತೆಳುವಾದ ಬಿಳಿ ಪರದೆ ಉಬ್ಬಿದೆ, ಎರಡು ಕುರ್ಚಿಗಳು ಬೆನ್ನಿಗೆ ಬೆನ್ನು ಮಾಡಿ ನಿಂತಿವೆ. ಬಲಗಡೆಯ ಎತ್ತರದ ಕನ್ನಡಿಯೊಳಗೆ ಪಟ್ಟೆಪಟ್ಟೆಯ ಸೋಫಾ, ಅದರ ಮೇಲೆ ಚಿನ್ನದ ಚೌಕಟ್ಟಿನ ಚಿತ್ರ ಸ್ಪಷ್ಟವಾಗಿ ಕಾಣುತ್ತವೆ. ಎಡಗೋಡೆಯ ಕಡೆ ತಿರುಗಿ ಆ ಸೋಫಾವನ್ನು ಹುಡುಕಿದರೆ ಅಲ್ಲಿ ಮಸುಕಾದ ಕುರುಹು ಬಿಟ್ಟು ಬೇರೇನಿಲ್ಲ, ಗೋಡೆಯ ಒಂದು ಭಾಗ ಬಣ್ಣದ ತೇಪೆಯಾಗಿಯೇ ಉಳಿದಿದೆ. ಕೋಣೆಗಿಂತ ಪ್ರತಿಬಿಂಬವೇ ಪೂರ್ತಿಯಾಗಿದೆ. ಆದರೂ ಆ ಚಿತ್ರದ ಮುಂದೆ ನಿಂತರೆ ಹೆದರಿಕೆಯಾಗುವುದಿಲ್ಲ, ಗಾಳಿ ತಾಗುತ್ತದೆ. ನೀವು ಮೂಲೆ ಮೂಲೆಯನ್ನೂ ಸಮನಾದ ಶ್ರದ್ಧೆಯಿಂದ ಮುಗಿಸುತ್ತೀರಿ, ಅದು ನಕ್ಷೆಯ ಶಿಸ್ತು. ಎಲ್ಲವೂ ಒಂದೇ ಸಮ ಸ್ಪಷ್ಟವಾಗಿರುವ ಕೋಣೆಯಲ್ಲಿ ಕಣ್ಣಿಗೆ ತಂಗಲು ಜಾಗವಿರುವುದಿಲ್ಲ. ಈ ದಾರಿಯ ತೊಡಕೆಂದರೆ, ಬಿಟ್ಟದ್ದು ಬಿಟ್ಟದ್ದಾಗಿ ಕಾಣಬೇಕು, ಕೈಲಾಗದ್ದಾಗಿ ಕಾಣಬಾರದು. ಅದಕ್ಕೆ ನಾಲ್ಕಾರು ಕ್ಯಾನ್ವಾಸುಗಳು ಹಾಳಾಗುತ್ತವೆ.

ಮನೆಯವರ ವಿಷಯ ಬೇಗ ಮುಗಿಸಬಹುದು. ಚಿತ್ರ ಮನಸ್ಸನ್ನು ರೋಗಕ್ಕೆ ದೂಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದರೆ ಚಿಕ್ಕ ಮಕ್ಕಳು ಮಂದಬೆಳಕಿನಲ್ಲಿ ಇಂಥ ಚಿತ್ರ ಕಂಡು ಹೆದರುವುದು ಸಹಜವಾದ್ದರಿಂದ ನಿಮ್ಮ ಸೊಸೆಯ ಕೋರಿಕೆ ನ್ಯಾಯವಾದದ್ದೇ. ಪಡಸಾಲೆ ಇಂಥ ಚಿತ್ರಕ್ಕೆ ಅತ್ಯಂತ ಕೆಟ್ಟ ಜಾಗ, ಏಕೆಂದರೆ ಅಲ್ಲಿ ಯಾರೂ ನಿಲ್ಲುವುದಿಲ್ಲ, ಓರೆಗಣ್ಣಿಗೆ ಬಿದ್ದು ಹಾದುಹೋಗುತ್ತದೆ. ಅರೆಬೆಳಕಿನಲ್ಲಿ ಓರೆಗಣ್ಣಿಗೆ ಬಿದ್ದ ತೆರೆದ ಬಾಗಿಲು ನಿಜವಾದ ಬಾಗಿಲೇ ಆಗಿಬಿಡುತ್ತದೆ. ಕುಳಿತು ನೇರವಾಗಿ ನೋಡುವ ಗೋಡೆಗೆ, ಚಿತ್ರದ ಮಧ್ಯಭಾಗ ಕುಳಿತವರ ಕಣ್ಣಿನ ಮಟ್ಟಕ್ಕೆ ಬರುವಂತೆ ಹಾಕಿ, ಹಗಲಿನ ಬೆಳಕು ಬೀಳಲಿ.

ನಿಮ್ಮ ಬಗ್ಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಚಿತ್ರದ ಎದುರು ಮಾತ್ರ ಆಗುವ ಅಳುಕು ಚಿತ್ರದ ಅಳುಕು. ಚಿತ್ರವಿಲ್ಲದ ಕಡೆಯೂ ಅದೇ ದಿಗಿಲು ಹಿಂಬಾಲಿಸುತ್ತಿದ್ದರೆ, ಎರಡು ವಾರ ಮೀರಿ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಚಿತ್ರ ಬರೆಯುವುದೂ ಸೇರಿದಂತೆ ಯಾವುದರಲ್ಲಿಯೂ ಆಸಕ್ತಿ ಉಳಿದಿಲ್ಲ ಅನ್ನಿಸಿದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ, ತಡಮಾಡದೆ ಮನೋವೈದ್ಯರನ್ನು ಕಾಣಿ. ಕಾಣುವಾಗ ಚಿತ್ರಗಳನ್ನು ತೆಗೆದುಕೊಂಡು ಹೋಗಬೇಕಾಗಿಲ್ಲ, ನಿದ್ದೆ ಊಟಗಳ ವಿಷಯ ಹೇಳಿದರೆ ಸಾಕು. ನಿಮ್ಮ ಪತ್ರದಲ್ಲಿ ಇವುಗಳ ಸುಳಿವು ನನಗೆ ಕಾಣಲಿಲ್ಲ. ಎರಡು ವರ್ಷದಲ್ಲಿ ಹನ್ನೊಂದು ಕ್ಯಾನ್ವಾಸು ಮುಗಿಸಿದವರ ಪತ್ರ ಅದು.

ಬರೆದ ಚಿತ್ರಗಳನ್ನು ಈಗ ತಿದ್ದಬೇಡಿ, ಒಣಗಿದ ತೈಲವರ್ಣದ ಮೇಲೆ ನೆರಳಿನ ದಿಕ್ಕು ಬದಲಿಸಲು ಹೋದರೆ ಹಳೆಯ ನೆರಳು ಕಾಲಕ್ರಮದಲ್ಲಿ ಮೇಲಿನ ಪದರದೊಳಗಿಂದ ಮತ್ತೆ ಇಣುಕುವ ಸಂಭವವಿದೆ. ಹನ್ನೆರಡನೆಯದಕ್ಕೆ ಹೊಸ ಕ್ಯಾನ್ವಾಸ್ ಹಿಡಿಯಿರಿ. ಅದು ಮುಗಿದ ಮೇಲೆ ನಿಮ್ಮ ಹೆಂಡತಿಯವರನ್ನು ಕರೆದು, ಎದ್ದು ಹೋದವರು ಯಾವ ಬಾಗಿಲಿನಿಂದ ಹೋದರು ಎಂದು ಕೇಳಿ. ಅವರು ಯೋಚಿಸದೆ ಒಂದು ಬಾಗಿಲನ್ನು ತೋರಿಸಿದರೆ ಇನ್ನೊಂದು ಬಾಗಿಲು ಆ ಚಿತ್ರಕ್ಕೆ ಬೇಕೇ ಎಂಬುದನ್ನು ಹದಿಮೂರನೆಯದರಲ್ಲಿ ನೋಡಬಹುದು.